ಅಪ್ಪ ಅಂದದ್ದು, ಅತ್ತೆ ಅಂದದ್ದು

"ನಿಮ್ಮತ್ತೆಗೆ ಹೇಳು, ಗಾಳಿಗೆ ನಾನೇನು ಮೂಗುದಾರ ಹಾಕಿಲ್ಲ ಅಂತ!"

ಅಂಗಳದಿಂದ ಅಪ್ಪ ಕೂಗಿ ಹೇಳಿ, ಚೊಂಬಿನ ನೀರನ್ನು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದ. ಸುಚಿತ್ರಾ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಶೂ ಹುಡುಕಲು ಮಂಚದ ಕೆಳಗೆ ತಲೆ ತೂರಿಸಿದ್ದಳು.

"ನೀನೇ ಹೇಳಪ್ಪ," ಎಂದಳು ಮಂಚದ ಕೆಳಗಿಂದಲೇ. "ಅತ್ತೆ ಮನೆ ಎದುರಿಗೇ ಐತಲ್ಲ. ಇಲ್ಲಿ ಕೂಗಿದ್ರೆ ಅಲ್ಲಿಗೆ ಕೇಳ್ಸುತ್ತೆ."

"ನಾನ್ಯಾಕೆ ಹೇಳ್ಲಿ? ನೀನು ಹೆಂಗೂ ಅವಳ ಹೊಲದ ಮುಂದೇನೇ ಸ್ಕೂಲಿಗೆ ಹೋಗ್ತೀಯ. ಹೇಳ್ಬಿಟ್ಟು ಹೋಗು."

"ಅಮ್ಮಾ, ನೋಡಮ್ಮ!"

ಒಳಗೆ ಅಮ್ಮ ರೊಟ್ಟಿ ತಟ್ಟುತ್ತಿದ್ದಳು. "ಅಕ್ಕ ತಮ್ಮನ ನಡುವೆ ನನ್ನ ಎಳೀಬ್ಯಾಡ್ರಪ್ಪ," ಎಂದಳು ತಲೆ ಎತ್ತದೆ.

"ಹಂಗಾದ್ರೆ ನನ್ನ ಯಾಕೆ ಎಳೀತೀರಿ?"

ರೊಟ್ಟಿ ತಟ್ಟುವ ಸದ್ದು ಇನ್ನೂ ಜೋರಾಯಿತು.

ಸುಚಿತ್ರಾಳಿಗೆ ರೇಗಿಹೋಯಿತು. ಈ ಮನೆಯವರು ತನ್ನನ್ನು ಮೊಬೈಲ್ ಮಾಡಿಕೊಂಡಿದ್ದಾರೆ. ಮೊಬೈಲಿಗಾದರೂ ರೀಚಾರ್ಜ್ ಮಾಡಿಸುತ್ತಾರೆ, ತನಗೆ ಅದೂ ಇಲ್ಲ! ಸಿಕ್ಕ ಶೂ ಹಾಕಿಕೊಂಡು, ಬ್ಯಾಗ್ ಎಳೆದುಕೊಂಡು ಓಡಿದಳು.

ಹೊನ್ನಕ್ಕತ್ತೆ ರಸ್ತೆ ಬದಿಯ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಸುಚಿತ್ರಾಳ ಶೂ ಸದ್ದು ಕೇಳಿದ್ದೇ ಎದ್ದು ನಿಂತಳು.

"ಬಾರೇ ಇಲ್ಲಿ. ಏನಂದ ನಿಮ್ಮಪ್ಪ?"

"ಗಾಳಿಗೆ ಮೂಗುದಾರ ಹಾಕಿಲ್ವಂತೆ. ನಾನು ಹೋಗ್ತೀನತ್ತೆ, ಖೋ ಖೋ ಪ್ರಾಕ್ಟೀಸ್ ಐತೆ."

"ನಿಲ್ಲೇ! ಗಾಳಿಗೆ ಹಾಕು ಅಂತ ಯಾರಂದ್ರು? ಔಷಧಿ ಹೊಡೆಯೋ ಪಂಪಿಗೆ ಹಾಕು ಅಂತ ಹೇಳು. ಮತ್ತೆ ಇನ್ನೊಂದು ಹೇಳು..."

ಇನ್ನೊಂದು, ಅದರ ಮೇಲೆ ಮತ್ತೊಂದು. ಅತ್ತೆಯ ಮಾತು ಮುಗಿಯುವಷ್ಟರಲ್ಲಿ ಸ್ಕೂಲ್ ಮೈದಾನದಲ್ಲಿ ಆಟ ಅರ್ಧ ಮುಗಿದಿತ್ತು. ಪಿ.ಟಿ. ಸರ್ ಸೀಟಿಯನ್ನು ಬಾಯಿಂದ ತೆಗೆದು ಅವಳನ್ನೇ ನೋಡಿದರು.

"ದಿನಾ ಲೇಟು! ಹೋಬಳಿ ಮ್ಯಾಚ್ ಹತ್ರ ಬಂತು. ಹಿಂಗೇ ಆದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ಕೊಳ್ತೀನಿ. ಹೋಗು, ಮೈದಾನಕ್ಕೆ ಎರಡು ರೌಂಡ್ ಹೊಡಿ."

ರೌಂಡ್ ಹೊಡೆಯುತ್ತಾ ಸುಚಿತ್ರಾ ಒಂದು ರೌಂಡ್ ಅಪ್ಪನನ್ನು ಬೈದುಕೊಂಡಳು, ಇನ್ನೊಂದು ರೌಂಡ್ ಅತ್ತೆಯನ್ನು.

*

ಇದೆಲ್ಲ ಶುರುವಾದದ್ದು ಕಾರಹುಣ್ಣಿಮೆಯ ಹೊತ್ತಿಗೆ.

ತಾತನ ಕಾಲದಲ್ಲಿ ಒಂದೇ ಆಗಿದ್ದ ಹೊಲ ಈಗ ಎರಡು. ಬದುವಿನಿಂದ ಪಶ್ಚಿಮಕ್ಕಿರುವುದು ಅಪ್ಪ ಮಲ್ಲೇಶನದು. ಪೂರ್ವಕ್ಕಿರುವುದು ಅವನ ಅಕ್ಕ ಹೊನ್ನಕ್ಕನದು. ಬದುವಿನ ಮೇಲೆ ಒಂದು ದೊಡ್ಡ ಬೇವಿನ ಮರ. ಹೊನ್ನಕ್ಕತ್ತೆಯನ್ನು ಇದೇ ಊರಿಗೆ ಕೊಟ್ಟಿದ್ದರು. ಮಾವ ಲಾರಿ ಓಡಿಸುತ್ತಾ ಊರೂರು ಸುತ್ತುವುದರಿಂದ ಹೊಲದ ಕೆಲಸವೆಲ್ಲ ಅತ್ತೆಯದೇ.

ಇಬ್ಬರೂ ಬೆಳೆಯುವುದು ಹತ್ತಿಯೇ. ಆದರೆ ಎರಡು ವರ್ಷದ ಹಿಂದೆ ಅತ್ತೆ ಸಾವಯವ ಬೆಳೆಗಾರರ ಸಂಘ ಸೇರಿದಳು. ಅಲ್ಲಿಂದ ಅವಳ ಹೊಲಕ್ಕೆ ಅಂಗಡಿಯ ಗೊಬ್ಬರ ಇಲ್ಲ, ಅಂಗಡಿಯ ಔಷಧಿ ಇಲ್ಲ. ಕುರಿ ಗೊಬ್ಬರ, ಗಂಜಲ, ಬೇವಿನ ಬೀಜದ ಕಷಾಯ, ಇವೇ. ಮೊದಲ ವರ್ಷ ಹತ್ತಿ ಕಡಿಮೆ ಬಂದಾಗ ಅಪ್ಪ ನಕ್ಕಿದ್ದ. ಎರಡನೇ ವರ್ಷ ಪರವಾಗಿಲ್ಲ ಎನ್ನುವಷ್ಟು ಬಂದಾಗ ಸುಮ್ಮನಾಗಿದ್ದ. ಅಲ್ಲಿಯವರೆಗೂ ಇಬ್ಬರೂ ಚೆನ್ನಾಗಿಯೇ ಇದ್ದರು.

ಆಮೇಲೆ ಬೋರ್ಡ್ ಬಂತು.

ಸಂಘದವರು ಅತ್ತೆಯ ಹೊಲದ ಮೂಲೆಯಲ್ಲಿ, ರಸ್ತೆಗೆ ಕಾಣುವ ಹಾಗೆ, ಒಂದು ಹಸಿರು ಬೋರ್ಡ್ ನೆಟ್ಟರು. 'ಇದು ಸಾವಯವ ಹತ್ತಿ ಹೊಲ. ಇಲ್ಲಿ ವಿಷ ಬಳಸುವುದಿಲ್ಲ.' ಮಾರನೇ ದಿನ ಟೀ ಅಂಗಡಿಯಲ್ಲಿ ಯಾರೋ ಕೇಳಿದರು: "ಏನಪ್ಪ ಮಲ್ಲೇಶ, ನಿಮ್ಮಕ್ಕನ ಹೊಲದಾಗೆ ವಿಷ ಇಲ್ವಂತೆ. ಹಂಗಾದ್ರೆ ಎಲ್ಲಾ ನಿನ್ನ ಹೊಲದಾಗೇ ಐತಾ?" ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ಅರ್ಧ ಟೀ ಅಲ್ಲೇ ಬಿಟ್ಟು ಎದ್ದು ಬಂದ.

ಬೋರ್ಡ್ ತೆಗಿ ಎಂದ ಅಪ್ಪ. ಗಾಳಿ ಇರುವಾಗ ಔಷಧಿ ಹೊಡೆಯುವುದನ್ನು ನೀನು ಬಿಡು ಎಂದಳು ಅತ್ತೆ. ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ಪಂಚಮಿ ಹಬ್ಬಕ್ಕೂ ಅತ್ತೆ ತಮ್ಮನ ಮನೆಗೆ ಬರಲಿಲ್ಲ. ಎಳ್ಳುಂಡೆಯ ಡಬ್ಬಿ ಮಾತ್ರ ಬಂತು, ಅದೂ ಸುಚಿತ್ರಾಳ ಕೈಯಲ್ಲಿ. ಅಪ್ಪ ಉಂಡೆ ತಿಂದ. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

*

ರೌಂಡ್ ಹೊಡೆದ ಮರುದಿನ ಅಪ್ಪ ಇನ್ನೊಂದು ಮಾತು ಕೊಟ್ಟು ಕಳಿಸಿದ.

"ನಿಮ್ಮತ್ತೆಗೆ ಹೇಳು, ಅವಳ ಕಷಾಯದ ನಾತಕ್ಕೆ ನಮ್ಮೆಮ್ಮೆ ಹಾಲು ಕೊಡೋದೇ ನಿಲ್ಸೈತೆ ಅಂತ."

ದಾರಿಯುದ್ದಕ್ಕೂ ಸುಚಿತ್ರಾ ಲೆಕ್ಕ ಹಾಕಿದಳು. ಇದನ್ನು ಹೀಗೇ ಹೇಳಿದರೆ ಅತ್ತೆ ಎಮ್ಮೆಯಿಂದ ಶುರುಮಾಡಿ ಅಪ್ಪ ಸಣ್ಣವನಿದ್ದಾಗಿನ ತನಕ ಹೋಗುತ್ತಾಳೆ. ಮತ್ತೆ ಲೇಟು, ಮತ್ತೆ ರೌಂಡು.

"ಏನಂದ?" ಎಂದಳು ಅತ್ತೆ, ಸೊಂಟಕ್ಕೆ ಕೈ ಇಟ್ಟುಕೊಂಡು.

"ಕಷಾಯ..." ಸುಚಿತ್ರಾ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ಕಷಾಯ ಹೆಂಗೆ ಮಾಡ್ತೀಯ ಅಂತ ಕೇಳ್ದ."

ಸೊಂಟದ ಮೇಲಿದ್ದ ಅತ್ತೆಯ ಕೈ ಕೆಳಗಿಳಿಯಿತು. "ಹಂಗಂದ್ನಾ? ಮಲ್ಲೇಶ?"

"ಹೂಂ."

"ಬೇವಿನ ಬೀಜ ಕುಟ್ಟಿ, ಬಟ್ಟೇಲಿ ಕಟ್ಟಿ, ರಾತ್ರಿಯೆಲ್ಲ ನೀರಾಗೆ ನೆನೆ ಹಾಕ್ಬೇಕು ಅಂತ ಹೇಳು. ಬೀಜ ಬೇಕಾದ್ರೆ ನನ್ನತ್ರ ಅವೆ. ಹೋಗು ಹೋಗು, ನಿಂಗೆ ಲೇಟಾಗುತ್ತೆ."

ಸುಚಿತ್ರಾ ನಂಬಲಾಗದೆ ಒಂದು ಗಳಿಗೆ ನಿಂತಳು. ಆಮೇಲೆ ಕುದುರೆಯಂತೆ ಓಡಿದಳು. ಅಂದು ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ.

ಸಂಜೆ ಅಪ್ಪ ಕೇಳಿದ: "ಏನಂದ್ಲು?"

"ನಿಂಗೆ ಕೆಮ್ಮು ಕಮ್ಮಿ ಆಯ್ತಾ ಅಂತ ಕೇಳಿದ್ಲು."

ಅಪ್ಪ ಬೀಡಿ ಹಚ್ಚಲು ಹೋದವನು ಅದನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದ. "ಆಯ್ತು ಅಂತ ಹೇಳು," ಎಂದ ಮೆಲ್ಲಗೆ.

ಅಂದಿನಿಂದ ಸುಚಿತ್ರಾಳ ಕೆಲಸ ಸಲೀಸಾಯಿತು. ಅಪ್ಪ 'ಅವಳಿಗೆ ತಲೆ ಕೆಟ್ಟೈತೆ' ಎಂದರೆ ಇವಳು 'ಬಿಸ್ಲಾಗೆ ಜಾಸ್ತಿ ನಿಂತ್ಕಬ್ಯಾಡ ಅಂದ' ಎನ್ನುವಳು. ಅತ್ತೆ 'ಅವ್ನು ಹುಟ್ಟಿದಾಗ್ಲಿಂದ ಹಠಮಾರಿ' ಎಂದರೆ ಇವಳು 'ನಿನ್ನ ಹತ್ತಿ ಚೆನ್ನಾಗೈತೆ ಅಂದ್ಲು' ಎನ್ನುವಳು. ಎರಡೂ ಕಡೆ ಗಂಟಲು ತಗ್ಗಿತು. ಅಪ್ಪ ಒಂದು ದಿನ ಹೀರೇಕಾಯಿ ಕೊಟ್ಟು ಕಳಿಸಿದ. ಅತ್ತೆ ಅದೇ ಚೀಲದಲ್ಲಿ ಬೆಂಡೇಕಾಯಿ ತುಂಬಿ ಕಳಿಸಿದಳು. ಪಿ.ಟಿ. ಸರ್ ಟೀಮ್ ಹೆಸರು ಓದಿದಾಗ ಸುಚಿತ್ರಾಳ ಹೆಸರೂ ಇತ್ತು.

ಆದರೆ ದೊಡ್ಡವರಿಗೆ ಒಳ್ಳೆಯ ಮಾತು ಸಾಲುವುದಿಲ್ಲವಲ್ಲ. ಮಾತು ಒಳ್ಳೆಯದಾಗುತ್ತಿದ್ದಂತೆ ಇಬ್ಬರೂ ಕೇಳಲು ಶುರುಮಾಡಿದರು.

"ಅಷ್ಟು ಪ್ರೀತಿ ಇದ್ರೆ ಒಂದು ಮಾತು ಕೇಳು ಅವನ್ನ," ಎಂದಳು ಅತ್ತೆ. "ಔಷಧಿ ಹೊಡ್ಸೋ ಎರಡು ದಿನ ಮುಂಚೆ ನಂಗೆ ತಿಳಿಸ್ತಾನಾ? ಗಾಳಿ ಇಲ್ದಿರೋ ಹೊತ್ತು ನೋಡಿ ಹೊಡಿಸ್ತಾನಾ?"

ಸುಚಿತ್ರಾ ಇದನ್ನು ಮಾತ್ರ ಇದ್ದ ಹಾಗೆಯೇ ಅಪ್ಪನಿಗೆ ಹೇಳಿದಳು. ಅಪ್ಪ ಉರಿದುಬಿದ್ದ. "ನನ್ನ ಹೊಲಕ್ಕೆ ಔಷಧಿ ಹೊಡ್ಸಕ್ಕೆ ನಾನು ಅವಳಿಗೆ ಅರ್ಜಿ ಹಾಕ್ಬೇಕಾ? ಮೊದ್ಲು ಆ ಬೋರ್ಡ್ ಕಿತ್ತಾಕು ಅಂತ ಹೇಳು!"

ಸುಚಿತ್ರಾ ಅತ್ತೆಯ ಹೊಲದ ಹತ್ತಿರ ಬಂದಳು. ಅತ್ತೆ ಕತ್ತು ಚಾಚಿಕೊಂಡು ಕಾಯುತ್ತಿದ್ದಳು.

"ಆಯ್ತಂತೆ," ಎಂದಳು ಸುಚಿತ್ರಾ. ಬೇರೇನು ಹೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ಅಪ್ಪ, "ಬೋರ್ಡ್ ವಿಷಯ ಹೇಳಿದ್ಯಾ?" ಎಂದ.

"ತೆಗಿತಾಳಂತೆ," ಎಂದಳು.

*

ಶುಕ್ರವಾರ ಸಂಜೆ ಅತ್ತೆಯ ಹೊಲದ ಬಳಿ ಒಂದು ನೀಲಿ ಸ್ಕೂಟಿ ನಿಂತಿತ್ತು. ಸಂಘದ ಅನುಪಮಾ ಮೇಡಂ ಬಂದಿದ್ದರು. ತಿಂಗಳಿಗೆ ಒಂದೆರಡು ಸಲ ಬಂದು, ಗಿಡ ನೋಡಿ, ಏನು ಮಾಡಬೇಕೆಂದು ಹೇಳಿಹೋಗುವುದು ಅವರ ಕೆಲಸ. ಹತ್ತಿ ಎಲೆಯನ್ನು ತಿರುಗಿಸಿ ಸಣ್ಣ ಲೆನ್ಸಿನಲ್ಲಿ ನೋಡುತ್ತಿದ್ದರು. ಸುಚಿತ್ರಾಳಿಗೂ ಲೆನ್ಸ್ ಕೊಟ್ಟರು. ಎಲೆಯ ಅಡಿಯಲ್ಲಿ ರಸ ಹೀರುವ ಹಸಿರು ಹೇನುಗಳು ಎಮ್ಮೆಗಳಂತೆ ದೊಡ್ಡದಾಗಿ ಕಂಡವು.

"ಮುಂದಿನ ವಾರ ಇನ್‌ಸ್ಪೆಕ್ಷನ್ ಐತೆ," ಎಂದರು ಮೇಡಂ. "ನಿಮ್ಮತ್ತೆದು ಇದು ಮೂರನೇ ವರ್ಷ. ಇದು ಪಾಸಾದ್ರೆ ಹತ್ತಿ ಸಾವಯವ ಅಂತಲೇ ಮಾರಬಹುದು. ಬರೋರು ಎಲೆ ಕಿತ್ಕೊಂಡು ಹೋಗಿ ಲ್ಯಾಬಲ್ಲಿ ನೋಡ್ತಾರೆ."

"ವಿಷ ಸಿಕ್ಕಿದ್ರೆ?"

"ಮತ್ತೆ ಮೊದಲಿಂದ ಶುರು. ಮೂರು ವರ್ಷ."

"ಪಕ್ಕದ ಹೊಲದ್ದು ಗಾಳೀಲಿ ಬಂದ್ರೂನಾ?"

ಮೇಡಂ ಲೆನ್ಸ್ ಒರೆಸುತ್ತಾ ಹೇಳಿದರು: "ಗಾಳೀಲಿ ಬಂತೋ, ಕೈಯಾರೆ ಹೊಡೆದ್ರೋ ಅಂತ ಎಲೆ ಹೇಳಲ್ವಲ್ಲ ಪುಟ್ಟಿ."

ಆಮೇಲೆ ಅವರು ಬದುವಿನ ಕಡೆ ನೋಡಿದರು. ಅಲ್ಲಿ ಗಾಳಿಗೆ ಅಡ್ಡವಾಗಲಿ ಎಂದು ಅತ್ತೆ ಸಾಲಾಗಿ ಸಜ್ಜೆ ಬಿತ್ತಿದ್ದಳು. ಆಷಾಢದಲ್ಲಿ ಯಾರದೋ ಕುರಿಗಳು ನುಗ್ಗಿ ಮೇಯ್ದುಬಿಟ್ಟಿದ್ದವು. ಮತ್ತೆ ಚಿಗುರಿದ್ದು ಇನ್ನೂ ಮೊಣಕಾಲುದ್ದ.

"ಈ ಸಜ್ಜೆ ಏನೂ ತಡೆಯಲ್ಲ ಹೊನ್ನಕ್ಕ. ನಿಮ್ಮ ತಮ್ಮನ ಹತ್ರ ಮಾತಾಡಿದ್ರಾ?"

"ಅವ್ನೇ ಹೇಳಿ ಕಳಿಸವ್ನೆ ಮೇಡಂ," ಎಂದಳು ಅತ್ತೆ. ಅವಳ ಮುಖ ಅರಳಿತ್ತು. "ಎರಡು ದಿನ ಮುಂಚೆ ತಿಳಿಸ್ತಾನಂತೆ. ಗಾಳಿ ನೋಡಿ ಹೊಡಿಸ್ತಾನಂತೆ. ಎಷ್ಟಾದ್ರೂ ನನ್ನ ತಮ್ಮ ಅಲ್ವಾ? ಅಲ್ವೇನೇ ಸುಚ್ಚಿ?"

ಸುಚಿತ್ರಾ ಸಜ್ಜೆಯ ಕಡೆಗೇ ನೋಡಿದಳು. ತಲೆ ಆಡಿಸಿದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

ಮನೆಗೆ ಹೋದೊಡನೆ ಅಪ್ಪನಿಗೆ ಎಲ್ಲ ಹೇಳಿಬಿಡಬೇಕೆಂದು ದಾರಿಯಲ್ಲೇ ಗಟ್ಟಿಮಾಡಿಕೊಂಡಳು. ಆದರೆ ಅಪ್ಪ ಅಂದು ಎಂದೂ ಇಲ್ಲದ ಖುಷಿಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಾ ನಿಂತಿದ್ದ.

"ಬೋರ್ಡ್ ಯಾವಾಗ ತೆಗಿತಾಳಂತೆ?"

"ಗಣೇಶನ ಹಬ್ಬ ಆದ್ಮೇಲೆ," ಎಂದುಬಿಟ್ಟಿತು ಅವಳ ಬಾಯಿ.

ಅಂದು ಅವಳಿಗೆ ಊಟ ಸೇರಲಿಲ್ಲ. ತನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅದರ ಎರಡರಷ್ಟು ಅವರಿಬ್ಬರ ಮೇಲೆ ಬಂದಿತ್ತು. ರಸ್ತೆಯ ಈಚೆ ಒಬ್ಬರು, ಆಚೆ ಒಬ್ಬರು. ನಡುವೆ ನಾಲ್ಕು ಹೆಜ್ಜೆ ದಾಟಿ ಬಂದು ಮಾತಾಡಿಕೊಂಡಿದ್ದರೆ ತಾನು ಇಷ್ಟೆಲ್ಲ ಸುಳ್ಳು ಹೇಳಬೇಕಾಗಿತ್ತೇ?

*

ಭಾನುವಾರ ಅವಳು ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ.

"ಪಂಪಿನ ಹನುಮೇಶ ಇವತ್ತು ಬಿಡುವಾಗವ್ನೆ ಅಂತ ಬೆಳಿಗ್ಗೆ ಗೊತ್ತಾಯ್ತು," ಎಂದಳು ಅಮ್ಮ. "ಔಷಧಿ ಹೊಡ್ಸಕ್ಕೆ ಹೋಗವ್ರೆ."

ಸುಚಿತ್ರಾ ಅಂಗಳಕ್ಕೆ ಓಡಿ ಬಂದು ಗುಡ್ಡದ ಕಡೆ ನೋಡಿದಳು. ಗುಡ್ಡದ ಮೇಲಿನ ಕರೆಂಟ್ ತೆಗೆಯುವ ಗಾಳಿಕಂಬಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿ, ಒಂದೂ ಬಿಡದೆ ಗಿರ್ರನೆ ತಿರುಗುತ್ತಿದ್ದವು. ಪಶ್ಚಿಮದ ಗಾಳಿ. ಅಪ್ಪನ ಹೊಲ ದಾಟಿ ನೇರವಾಗಿ ಅತ್ತೆಯ ಹೊಲಕ್ಕೆ.

ಮುಖ ತೊಳೆಯದೆ, ಚಪ್ಪಲಿ ಮೆಟ್ಟದೆ ಓಡಿದಳು.

ಹೊಲದಲ್ಲಿ ಹನುಮೇಶ ಮುಖಕ್ಕೆ ಟವೆಲ್ ಸುತ್ತಿಕೊಂಡು, ಡ್ರಮ್ಮಿನಿಂದ ಅಂದಿನ ಮೊದಲ ಪಂಪಿಗೆ ಔಷಧಿ ನೀರು ಬಗ್ಗಿಸುತ್ತಿದ್ದ. ಅಪ್ಪ ಕೋಲಿನಿಂದ ಡ್ರಮ್ ಕಲಕುತ್ತಿದ್ದ. ಗಾಳಿಗೆ ಹತ್ತಿ ಎಲೆಗಳೆಲ್ಲ ಮಗುಚಿಕೊಂಡು ಬೆನ್ನು ತೋರಿಸುತ್ತಿದ್ದವು.

"ಅಪ್ಪಾ, ನಿಲ್ಸು! ನಿಲ್ಸಪ್ಪ!"

"ದೂರ ಹೋಗೇ, ಔಷಧಿ ಐತೆ ಇಲ್ಲಿ. ಯಾಕೆ ನಿಲ್ಸ್ಲಿ?"

"ಗಾಳಿ ಐತೆ!"

"ನಮ್ಮೂರಾಗೆ ಗಾಳಿ ಯಾವತ್ತಿಲ್ಲ? ಹೇನು ಬಿದ್ದು ಎಲೆಯೆಲ್ಲ ಮುದುರ್ಕಂಡವೆ. ಇವತ್ತು ಬಿಟ್ರೆ ಹನುಮೇಶ ಸಿಗಲ್ಲ."

"ಅಪ್ಪ, ಅತ್ತೆ ಹೊಲಕ್ಕೆ..." ಎನ್ನುವಷ್ಟರಲ್ಲಿ ಬೇವಿನ ಮರದ ಕಡೆಯಿಂದ ಧಡಧಡ ಹೆಜ್ಜೆ ಸದ್ದು ಕೇಳಿತು. ಹೊನ್ನಕ್ಕತ್ತೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು.

"ಎರಡು ದಿನ ಮುಂಚೆ ತಿಳಿಸ್ತೀನಿ ಅಂದೋನು ಇದೇನೋ ಮಾಡ್ತಿರೋದು?"

ಅಪ್ಪ ಕಲಕುವ ಕೋಲು ಹಿಡಿದೇ ತಿರುಗಿದ. "ಯಾರಂದಿದ್ದು?"

"ನೀನೇ ಅಂದಿದ್ದು! ಗಾಳಿ ನೋಡಿ ಹೊಡಿಸ್ತೀನಿ ಅಂದಿಲ್ವಾ?"

"ನಾನೆಲ್ಲಂದೆ? ಬೋರ್ಡ್ ತೆಗಿತೀನಿ ಅಂದೋಳು ನೀನು. ತೆಗ್ದ್ಯಾ?"

"ಬೋರ್ಡಾ? ಆ ಬೋರ್ಡ್ ನಾನ್ಯಾಕೆ ತೆಗೀಲಿ? ಹಂಗಂತ ಯಾರಿಗೆ ಹೇಳ್ದೆ?"

ಇಬ್ಬರ ತಲೆಯೂ ಮೆಲ್ಲಗೆ ಸುಚಿತ್ರಾಳ ಕಡೆ ತಿರುಗಿತು. ಹನುಮೇಶನೂ ಟವೆಲ್ ಸ್ವಲ್ಪ ಕೆಳಗೆ ಜಾರಿಸಿ ನೋಡಿದ.

ಅಳು ಬರುತ್ತದೆ ಅಂದುಕೊಂಡಿದ್ದಳು ಸುಚಿತ್ರಾ. ಬಂದದ್ದು ಸಿಟ್ಟು. ಇಷ್ಟು ದಿನ ನುಂಗಿದ್ದದ್ದೆಲ್ಲ ಒಮ್ಮೆಗೇ ಬಂತು.

"ಹೂಂ, ನಾನೇ ಹೇಳಿದ್ದು! ಎಲ್ಲಾ ನಾನೇ ಹೇಳಿದ್ದು! ನೀವು ಹೇಳ್ದಂಗೇ ಹೇಳ್ಬೇಕಿತ್ತಾ? ಅಪ್ಪ ಏನಂದ ಗೊತ್ತಾ ಅತ್ತೆ? ನಿನ್ನ ಕಷಾಯದ ನಾತಕ್ಕೆ ಎಮ್ಮೆ ಹಾಲು ಕೊಡೋದೇ ನಿಲ್ಸೈತಂತೆ. ನಿಂಗೆ ತಲೆ ಕೆಟ್ಟೈತಂತೆ. ಅಪ್ಪ, ಅತ್ತೆ ಏನಂದ್ಲು ಗೊತ್ತಾ? ಹುಟ್ಟಿದಾಗ್ಲಿಂದ ಹಠಮಾರಿ ಅಂತೆ ನೀನು. ನಿನ್ನ ಪಂಪಿಗೆ ಮೂಗುದಾರ ಹಾಕ್ಬೇಕಂತೆ. ಇದನ್ನೆಲ್ಲ ನಾನು ಹೊತ್ಕಂಡು ತಿರುಗ್ಬೇಕಾ? ನನ್ನ ಬ್ಯಾಗೇ ಎಷ್ಟು ಭಾರ ಐತೆ!"

ಗಾಳಿ ಬೀಸುತ್ತಿತ್ತು. ಅಪ್ಪ ಡ್ರಮ್ಮಿನೊಳಗೆ ಇಣುಕಿ ನೋಡಿದ. ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಳು.

"ನಂಗೆ ತಲೆ ಕೆಟ್ಟೈತಾ?" ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಕೆಮ್ಮು ಕಮ್ಮಿ ಆಯ್ತಾ ಅಂತ ನೀನು ಕೇಳಿರ್ಲಿಲ್ವಾ?" ಎಂದ ಅಪ್ಪ, ಅವಳ ಕಡೆ ನೋಡದೆ.

"ನಿಂಗೆ ಕೆಮ್ಮು ಐತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಯಾವಾಗ್ಲಿಂದ?"

"ಶ್ರಾವಣ ಶುರುವಾದಾಗ್ಲಿಂದ."

"ಆಸ್ಪತ್ರೆಗೆ ತೋರಿಸ್ಲಿಲ್ವಾ?"

"ತೋರ್ಸಿದೆ."

ಆಮೇಲೆ ಇಬ್ಬರಿಗೂ ಒಟ್ಟಿಗೇ ಸುಚಿತ್ರಾಳ ನೆನಪಾಯಿತು.

"ಇಷ್ಟುದ್ದ ಇದೀಯ, ಇಷ್ಟೊಂದು ಸುಳ್ಳಾ?" ಎಂದ ಅಪ್ಪ.

"ಅದೂ ಮುಖ ಒಂಚೂರು ಕದಲ್ದಂಗೆ ಹೇಳ್ತಿದ್ಲು ಕಣೋ!" ಎಂದಳು ಅತ್ತೆ. "ನಾನು ಮೇಡಂ ಮುಂದೆ ಜಂಬ ಬೇರೆ ಕೊಚ್ಕಂಡೆ, ನನ್ನ ತಮ್ಮ ಅಂತ."

"ನನ್ನತ್ರ ಹಬ್ಬ ಆದ್ಮೇಲೆ ಅಂತ ದಿನಾನೂ ಗೊತ್ತು ಮಾಡಿದ್ಲು ಅಕ್ಕ!"

"ನೀನೇ ಸಲುಗೆ ಕೊಟ್ಟು ಕೆಡಿಸಿದೀಯ."

"ನಾನಾ? ಸಂಜೆ ಆದ್ರೆ ನಿನ್ನ ಮನೇಲೇ ಇರ್ತಾಳೆ. ಉಂಡೆ ಕೊಟ್ಟು ಕೊಟ್ಟು ನೀನೇ ಕೆಡಿಸಿದ್ದು."

ಇಬ್ಬರೂ ಸೇರಿ ಬೈಯುತ್ತಿದ್ದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು. ಸುಚಿತ್ರಾ ಉತ್ತರ ಕೊಡಲು ಬಾಯಿ ತೆರೆದಳು. ಅಪ್ಪ ಈಗ ಯಾರನ್ನು ಅಕ್ಕ ಎಂದ? ಅವಳು ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ ಬೈಸಿಕೊಂಡಳು.

"ಅಣ್ಣಾ," ಎಂದ ಹನುಮೇಶ. ಪಂಪು ಬೆನ್ನಿಗೆ ಹಾಕಿಕೊಂಡೇ ನಿಂತು ಅವನಿಗೆ ಸಾಕಾಗಿತ್ತು. "ಹೊಡೀಲೋ ಬ್ಯಾಡ್ವೋ? ಒಂದು ಹೇಳ್ರಿ."

ಅಪ್ಪ ತನ್ನ ಹತ್ತಿ ನೋಡಿದ. ಮುದುರಿದ ಎಲೆಗಳನ್ನು ನೋಡಿದ. ಆಮೇಲೆ ತಲೆ ಎತ್ತಿ ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಕಂಬಗಳ ಕಡೆ ನೋಡಿದ.

"ಸಂಜೆ ಗಾಳಿ ಇಳಿದ್ಮೇಲೆ ಬರ್ತೀಯಾ?"

"ಸಂಜೆ ಯಲ್ಲದಕೆರೆಲಿ ಬೇರೆ ಹೊಲ ಒಪ್ಕಂಡಿದೀನಲ್ಲಣ್ಣ."

"ನಾಳೆ ಬೆಳಗಿನ ಜಾವ? ಗಾಳಿ ಏಳೋ ಮುಂಚೆ?"

ಹನುಮೇಶ ಗೊಣಗುತ್ತಾ ಪಂಪು ಇಳಿಸಿದ. ಅಷ್ಟು ಹೊತ್ತಿಗೆ ಏಳುವುದು ಯಾರಿಗೆ ಬೇಕಾಗಿದೆ, ಕಲಸಿದ ಔಷಧಿಯನ್ನು ಏನು ಮಾಡುವುದು ಎಂದು ಸುಮಾರು ಹೊತ್ತು ಹೇಳಿದ. ಕೊನೆಗೆ ಬರುತ್ತೇನೆ ಎಂದ. ಡ್ರಮ್ಮಿನಲ್ಲಿದ್ದ ಔಷಧಿ ಹಾಳಾಯಿತು. ಅಪ್ಪನ ಮುಖ ಸಪ್ಪಗಿತ್ತು.

"ಬದುವಿನ ಹತ್ರದ ಸಾಲುಗಳಿಗೆ ನಾಳೆನೂ ಹೊಡಿಸ್ಬ್ಯಾಡ ಕಣೋ," ಎಂದಳು ಅತ್ತೆ.

"ಆ ಸಾಲು ಹೇನು ತಿನ್ಕಂಡು ಹೋಗ್ಲಿ ಅಂತೀಯಾ?"

"ನನ್ನ ಕಷಾಯ ಕೊಡ್ತೀನಿ. ಅದನ್ನ ಹೊಡಿ ಅಲ್ಲಿಗೆ."

"ಆ ನಾತನಾ?"

"ನಾತ ಬರೋದು ನಿನ್ನ ಮೂಗಿಗಾ, ಹೇನಿಗಾ? ಬಾ ಇಲ್ಲಿ, ನನ್ನ ಗಿಡ ನೋಡು ಮೊದ್ಲು. ಎಷ್ಟು ಹೇನು ಅವೆ ಎಣ್ಸು."

ಅಪ್ಪ ಬದುವಿನ ಹತ್ತಿರ ನಿಂತ. ಅವನು ಅದನ್ನು ದಾಟಿ ಎಷ್ಟು ದಿನವಾಗಿತ್ತೋ. ಒಮ್ಮೆ ಸುಚಿತ್ರಾಳ ಕಡೆ ನೋಡಿ, ಪಂಚೆ ಎತ್ತಿ ಕಟ್ಟಿ, ಸಜ್ಜೆಯ ಸಾಲನ್ನು ತುಳಿಯದಂತೆ ದಾಟಿ ಹೋದ.

ಸುಚಿತ್ರಾ ಬೇವಿನ ಮರದ ಬುಡದಲ್ಲಿ ಕುಳಿತಳು. ಅವಳನ್ನು ಯಾರೂ ಕರೆಯಲಿಲ್ಲ. ಇಷ್ಟು ದಿನ ಅವಳಿಗೆ ಬೇಕಾಗಿದ್ದದ್ದು ಅದೇ. ಆದರೂ ಸ್ವಲ್ಪ ಹೊತ್ತು ಕೈಗೆ ಕೆಲಸವಿಲ್ಲದವಳಂತೆ ಅನ್ನಿಸಿತು. ಕೆಳಗೆ ಬಿದ್ದಿದ್ದ ಬೇವಿನ ಕಡ್ಡಿಯೊಂದನ್ನು ಮುರಿಯುತ್ತಾ ಕೇಳಿಸಿಕೊಂಡಳು.

"ಇದೇನಿದು? ಕರೀ ಹುಳ! ಗಿಡದ ತುಂಬಾ ಅವೆ. ಇದಕ್ಕೇ ಹೇಳೋದು ಔಷಧಿ ಹೊಡಿ ಅಂತ."

"ಲೇ, ಹಿಸುಕ್ಬ್ಯಾಡ! ಅದು ಗುಲಗಂಜಿ ಹುಳದ ಮರಿ. ಹೇನು ತಿನ್ನೋದೇ ಅದು."

"ಗುಲಗಂಜಿ ಹುಳ ಕೆಂಪಗೆ, ಗುಂಡಗೆ ಇರ್ತೈತೆ. ಇದು ಮೊಸಳೆ ಇದ್ದಂಗೈತಲ್ಲ!"

"ನೀನೂ ಹುಟ್ಟಿದಾಗ ಹಿಂಗಿರ್ಲಿಲ್ಲ!"

"ಹುಳ ಅಂದ್ರೆ ಹುಳನೇ ಅಕ್ಕ."

"ನಿಂಗೆ ಹೇಳಾಕಾಗಲ್ಲ ಬಿಡು!"

ದನಿ ಏರುತ್ತಲೇ ಹೋಯಿತು. ಅಪ್ಪನ ಕೈ ಗಾಳಿಯಲ್ಲಿ ಆಡುತ್ತಿತ್ತು, ಅತ್ತೆಯ ಕೈ ಅದಕ್ಕಿಂತ ಜೋರಾಗಿ. ಆದರೆ ಇಬ್ಬರ ತಲೆಯೂ ಒಂದೇ ಎಲೆಯ ಮೇಲೆ ಬಗ್ಗಿತ್ತು.

ರೊಟ್ಟಿ ಗಂಟು ಹಿಡಿದು ಅಮ್ಮ ದಾಪುಗಾಲು ಹಾಕುತ್ತಾ ಬಂದಳು. ಅವಳ ಮುಖದಲ್ಲಿ ಗಾಬರಿ.

"ಏನೇ ಇದು? ಊರ ತನಕ ಕೇಳ್ತೈತಲ್ಲೇ ಇವ್ರ ಗಂಟಲು! ಹೊಡೆದಾಡ್ಕಂಡ್ರೆ ಏನ್ ಗತಿ? ಹೋಗಿ ಬಿಡ್ಸಬಾರ್ದಾ?"

ಅಮ್ಮ ಬದು ಹತ್ತಲು ಹೊರಟಳು. ಸುಚಿತ್ರಾ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಬಿಡಿಸ್ಬ್ಯಾಡಮ್ಮ," ಎಂದಳು. "ಕುಂತ್ಕ."

ಅಮ್ಮ ಮಗಳ ಮುಖ ನೋಡಿದಳು. ಹೊಲದ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ನೆರಳಿನಲ್ಲಿ ಕುಳಿತು, ರೊಟ್ಟಿ ಗಂಟನ್ನು ಬಿಚ್ಚದೆ ಮಡಿಲಲ್ಲಿ ಇಟ್ಟುಕೊಂಡಳು.